ಬಾಯಿಗೆ ರೂಢಿಯಾದ ಹೆಸರು

ಅಕ್ಕಿಯ ಡಬ್ಬಿ ತೆಗೆದಾಗ ಒಣಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಂದರೆ ಸಾಕು, ಧರಮಪೇಠದ ಈ ಫ್ಲ್ಯಾಟು ಮರೆತು ನಾನು ಕಾಮಠಿಯ ನಮ್ಮ ಹಳೆಯ ಕ್ವಾರ್ಟರ್ಸಿನ ಅಡುಗೆಮನೆಗೆ ಹೋಗಿಬಿಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದಿರಬಹುದು. ಅಪ್ಪ ಗದಗಿನಿಂದ ಮಿಲಿಟರಿ ಸ್ಟೋರಿನ ಕೆಲಸಕ್ಕೆ ವರ್ಗವಾಗಿ ಬಂದವರು. ಆ ಮರಾಠಿ ಊರಲ್ಲಿ ನಮ್ಮಂಥ ಕನ್ನಡದ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಅಕ್ಕಿ ತೊಳೆಯುವ ಮುಂಚೆ ಪ್ರತಿ ಮನೆಯಲ್ಲೂ ಒಂದು ಹಿಡಿಯನ್ನು ದೇವರ ಪಾಲೆಂದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅದನ್ನು ಮನೆಮನೆಯಿಂದ ಕೂಡಿಸಿ ಬಡವರಿಗೆ ಮುಟ್ಟಿಸುವ ಕೆಲಸ ಅವ್ವನದು. ಅದರ ಮೇಲೆ ಅವಳಿಗೆ ಎಷ್ಟು ಅಭಿಮಾನವೆಂದರೆ, ಚೀಲ ಹಿಡಿದು ಹೊರಟರೆ ಇಸ್ತ್ರಿ ಮಾಡಿದ ಸೀರೆಯೇ ಆಗಬೇಕು.

ಒಂದು ಬೇಸಿಗೆ ಆ ಅಕ್ಕಿಗೆ ಹುಳ ಬಿತ್ತು. ಅವ್ವ ಅಂಗಳದಲ್ಲಿ ಚಾದರ ಹಾಸಿ ಒಣಗಿಸಿ, ಮೊರದಲ್ಲಿ ಕೇರಿ, ಬೇವಿನೆಲೆ ಸೇರಿಸಿ ಮತ್ತೆ ತುಂಬಿಟ್ಟಳು. ಹಿಂದಿನ ಓಣಿಯ ಎಸ್ತರಬಾಯಿ, ಅವ್ವನ ಜೀವದ ಗೆಳತಿ, ಅದನ್ನು ದೂರದಿಂದಲೇ ಕಂಡು ಹೋದರು. ಒಂದು ಮಾತು ಕೇಳಬಹುದಿತ್ತಲ್ಲ! ಕೇಳಲಿಲ್ಲ. ರವಿವಾರದೊಳಗೆ, ದೇವರ ಅಕ್ಕಿ ಇವರ ಮನೆಯ ಗಡಿಗೆಯಲ್ಲಿ ಬೇಯುತ್ತದೆ ಎಂಬ ಮಾತು ಚರ್ಚಿನ ಸಭೆಯವರೆಲ್ಲರ ಬಾಯಲ್ಲಿತ್ತು. ಸಭೆಯ ಹಿರಿಯರು ಬಂದು, ಅವ್ವನ ಮುಖ ನೋಡದೆ, ಅಕ್ಕಿ ಕೂಡಿಸುವ ಚೀಲ ಒಯ್ದರು.

ಅಪ್ಪ ಕೆಂಡಾಮಂಡಲವಾಗಿ, ಇನ್ನು ಆ ಸಭೆಗೆ ಕಾಲಿಡುವುದಿಲ್ಲ ಅಂದರು. ಅವ್ವ ಮಾತ್ರ ಎಸ್ತರಬಾಯಿಯ ಬಾಗಿಲಿಗೆ ಹೋದಳು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ, ಮನಸ್ತಾಪವಿದ್ದವರ ಮನೆಗೆ ಹೋಗಿ ಸಮಾಧಾನ ಮಾಡಿಕೊಂಡು ಬರುವುದು ನಮ್ಮಲ್ಲಿ ರೂಢಿ. ನಾನು ಅವಳ ಸೆರಗು ಹಿಡಿದಿದ್ದೆ. ಅವ್ವ ನಡೆದದ್ದನ್ನೆಲ್ಲ ಹೇಳಿದಳು. ಎಸ್ತರಬಾಯಿ ಬಾಗಿಲ ಪರದೆಯಾಚೆಯಿಂದಲೇ, ತಮಗೆ ಯಾರ ಜೊತೆಗೂ ಜಗಳವಿಲ್ಲ ಅಂದರು. ಒಳಗೆ ಕರೆಯಲಿಲ್ಲ. ಮನೆಗೆ ಬಂದು ಅವ್ವ ರೊಟ್ಟಿ ಬಡಿಯುತ್ತ ಅತ್ತಳು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಬೆಳ್ಳಗಾಗಿತ್ತು. ನನಗೋ ಆ ಹೆಂಗಸಿನ ಮೇಲೆ ಮೈಯೆಲ್ಲ ಉರಿ. ಸಂಜೆ ಅವ್ವನ ಪ್ರಾರ್ಥನೆಯಲ್ಲಿ ನಮ್ಮ ಹೆಸರುಗಳ ಜೊತೆ ಎಸ್ತರಬಾಯಿಯ ಹೆಸರೂ ಬಂದಾಗ ತಡೆಯಲಾರದೆ, ಅವರನ್ನು ನೀನು ಅದು ಹೇಗೆ ಕ್ಷಮಿಸಿದೆ ಎಂದು ಕೇಳಿದೆ.

“ಎಲ್ಲಿ ಕ್ಷಮಾ ಮಾಡೇನವಾ? ಮನಸ್ಸು ಇನ್ನೂ ಒಪ್ಪವಲ್ದು,” ಅಂದಳು ಅವ್ವ. “ಬಾಯಿಗಾದ್ರೂ ರೂಢಿ ಆಗ್ಲಿ. ಮನಸ್ಸು ಹಿಂದಿಂದ ಬರ್ತೈತಿ.”

ಆಮೇಲೆ ಸತ್ಯ ತಾನಾಗಿ ಹೊರಬಂತು ಅನ್ನುವ ಹಾಗೇನೂ ಆಗಲಿಲ್ಲ. ಚೀಲ ತಿರುಗಿ ಬರಲಿಲ್ಲ. ಅವ್ವ ಸಭೆಯಲ್ಲಿ ಹಿಂದಿನ ಬೆಂಚಿಗೆ ಸರಿದಳು. ಆದರೆ ಹಿಡಿ ಅಕ್ಕಿ ತೆಗೆದಿಡುವುದನ್ನು ಬಿಡಲಿಲ್ಲ, ಆ ಹೆಸರನ್ನೂ ಬಿಡಲಿಲ್ಲ. ಅಪ್ಪ ಹೋದರು, ಕ್ವಾರ್ಟರ್ಸು ಬಿಟ್ಟೆವು, ಮುಂದೆ ಅವ್ವ ನನ್ನ ಜೊತೆ ಇಲ್ಲಿಗೆ ಬಂದಳು. ಕಡೆಗಾಲದಲ್ಲಿ ಅವಳಿಗೆ ಮರೆವು ಕವಿಯಿತು. ನನ್ನನ್ನೇ, ನೀ ಯಾರ ಪೈಕಿ ಕೂಸವಾ ಎಂದು ಕೇಳುತ್ತಿದ್ದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಅಂಥ ಒಂದು ಸಂಜೆ ಎಸ್ತರಬಾಯಿ ಬಂದರು, ಹಣ್ಣು ಮುದುಕಿಯಾಗಿ, ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು. ಬಾಗಿಲಲ್ಲೇ ನಿಲ್ಲಿಸಬೇಕು ಅಂದುಕೊಂಡೆ, ಆಗಲಿಲ್ಲ. ಅವ್ವನಿಗೆ ಅವರ ಗುರುತು ಹತ್ತಲಿಲ್ಲ. ಯಾರೋ ಪರವೂರಿನವರೆಂದು ತಿಳಿದು, ಉಂಡು ಹೋಗಿರಿ ಅಂದಳು. ಆಮೇಲೆ ಪ್ರಾರ್ಥನೆಯ ಹೊತ್ತಾಯಿತೆಂದು ಕಣ್ಣು ಮುಚ್ಚಿದಳು. ಅಪ್ಪನ ಹೆಸರು ಬರಲಿಲ್ಲ, ನನ್ನದೂ ಬರಲಿಲ್ಲ.

“ಕರ್ತನೇ, ನಮ್ಮ ಎಸ್ತರಗ ಚಲೋ ಮಾಡಪಾ,” ಅಂದಳು. “ಆಕಿ ಮನ್ಯಾಗ ಯಾವುದೂ ಕಡಿಮಿ ಬೀಳಬಾರ್ದು.”

ಎಸ್ತರಬಾಯಿ ಎದ್ದು, ಯಾರನ್ನೂ ಕೇಳದೆ ಅಡುಗೆಮನೆಗೆ ನಡೆದರು. ನಾನು ಹಿಂದೆ ಹೋದೆ. ರಾತ್ರಿಯ ಅನ್ನಕ್ಕೆಂದು ತೆಗೆದಿಟ್ಟ ಅಕ್ಕಿಯಿಂದ ಒಂದು ಹಿಡಿ ತುಂಬಿ ದೇವರ ಪಾಲಿನ ಈ ಡಬ್ಬಿಗೆ ಹಾಕಿದರು, ಮುಚ್ಚಳದ ಮೇಲೆ ಹಣೆಯಿಟ್ಟು ಬಿಕ್ಕಿದರು. “ಅವತ್ತ ಆ ಪರದೆ ಸರಸಬೇಕಿತ್ತು ನಾ,” ಅಂದರು.

ಈಗ ಇಬ್ಬರೂ ಇಲ್ಲ. ಕ್ವಾರ್ಟರ್ಸು ಕೆಡವಿದ್ದಾರೆ, ಹಿಡಿ ಅಕ್ಕಿ ಕೂಡಿಸಲು ಯಾರೂ ಬರುವುದಿಲ್ಲ. ಡಬ್ಬಿ ತುಂಬಿದಾಗ ನಾನೇ ಬಡವರ ಮನೆಗೆ ಕೊಟ್ಟು ಬರುತ್ತೇನೆ. ಅವ್ವನಷ್ಟು ದೊಡ್ಡ ಮನಸ್ಸು ನನಗಿಲ್ಲ. ಅವಳ ಹಿಟ್ಟು ಮೆತ್ತಿದ ಕೆನ್ನೆ ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೂ ದಿನಾ ಸಂಜೆ ಎಸ್ತರಬಾಯಿಯ ಆ ಮೊಮ್ಮಗಳ ಹೆಸರು ಹಿಡಿದು ಬೇಡಿಕೊಳ್ಳುತ್ತೇನೆ. ಬಾಯಿಗೆ ರೂಢಿಯಾಗಿದೆ. ಮನಸ್ಸು ಇನ್ನೂ ದಾರಿಯಲ್ಲಿದೆ, ಅವ್ವಾ.