ಕೊನೆಯ ಸಾಲಿನ ಬ್ಯಾಡ್ಜು

ಹೆಸರು ಬರೆದ ಕಾಗದವನ್ನು ಕಸಕ್ಕೆ ಹಾಕುವುದು ನನ್ನಿಂದ ಇವತ್ತಿಗೂ ಆಗಿಲ್ಲ. ಅದರಲ್ಲೂ ದೇವರ ಹೆಸರಾದರೆ ಮುಗಿದೇ ಹೋಯಿತು. ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಲಗ್ನಪತ್ರಿಕೆಗಳ ಒಂದು ಗಂಟೇ ಇದೆ. ಆ ಮದುಮಕ್ಕಳ ಮಕ್ಕಳೆಲ್ಲ ಶಾಲೆ ಮುಗಿಸಿದ್ದಾರೆ, ಪತ್ರಿಕೆಯ ಮೇಲಿನ ಗಣೇಶ ಮಾತ್ರ ನಮ್ಮಲ್ಲೇ ಇದ್ದಾನೆ. “ಒಂದಿನ ಈ ಗಣೇಶಗಳೆಲ್ಲಾ ಸೇರಿ ಅಟ್ಟ ಬೀಳಿಸ್ತಾವೆ ನೋಡು” ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಇನ್ನೂ ಬಿದ್ದಿಲ್ಲ, ಅದೂ ಅವನ ದಯೆಯೇ. ಆದರೆ ಇದೇ ಚಟದಿಂದ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಬೇಕು. ದೇವರ ಮುಂದೆ ದೀಪ ಹಚ್ಚಿಟ್ಟು ಬರೆಯಲು ಕೂತಿದ್ದೇನೆ. ನಗಬೇಡಿ.

ಯಜಮಾನರು ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರು. ಅವರ ಸಂಘದ ಜಯನಗರ ಶಾಖೆ ಪ್ರತಿ ಎರಡನೇ ಶನಿವಾರ ಸಂಜೆ ಒಂದು ಮಹಡಿಯ ಮೇಲಿನ ಹಾಲಿನಲ್ಲಿ ಸಭೆ ಸೇರುತ್ತದೆ. ಮೊದಲು ಭಾಷಣ, ನಡುವೆ ತೂಕಡಿಕೆ, ಕೊನೆಗೆ ಕಾಫಿ. ಒಂದು ದಿನ ಕಾಫಿ ಹಂಚುವುದಕ್ಕೆ ಕೈ ಸಾಲದೆಂದು ಹೋದವಳು ಆರು ವರ್ಷದಿಂದ ಅಲ್ಲೇ ಇದ್ದೇನೆ. ನನ್ನ ಕೆಲಸ ಬ್ಯಾಡ್ಜಿನದು. ಪ್ಲಾಸ್ಟಿಕ್ ಹೊದಿಕೆಯೊಳಗೆ ನನ್ನ ಕೈಬರಹದಲ್ಲಿ ಹೆಸರು, ಹಿಂದೆ ಒಂದು ಪಿನ್ನು. ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿಡುತ್ತೇನೆ. ಬಂದವರು ತಮ್ಮದನ್ನು ಎತ್ತಿ ಚುಚ್ಚಿಕೊಳ್ಳುತ್ತಾರೆ, ಹೋಗುವಾಗ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಡಬ್ಬಿಯಲ್ಲಿ ಎಷ್ಟು ಬ್ಯಾಡ್ಜೋ ಅಷ್ಟು ಹಾಜರಿ.

ಜೀವಮಾನವಿಡೀ ಊರಿನವರನ್ನು ಕರೆಂಟು ಹೊಡೆಯದಂತೆ ಕಾಪಾಡಿದ ಈ ಮಹನೀಯರಿಗೆ ಒಂದು ಪಿನ್ನು ಮುಚ್ಚಿ ಹಾಕಲು ಬರುವುದಿಲ್ಲ. ಡಬ್ಬಿಗೆ ಕೈ ಹಾಕಿದಾಗಲೆಲ್ಲ ನನ್ನ ಬೆರಳಿಗೆ ಚುಚ್ಚುತ್ತದೆ. ಪಿನ್ನು ಮುಚ್ಚಿ ಹಾಕುತ್ತಿದ್ದವರು ಒಬ್ಬರೇ, ತಿಲಕ್ ನಗರದ ಶ್ರೀಕಂಠಯ್ಯನವರು. ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅವರದು. ಗಾಳಿ ಆಗದೆಂದು ಬಂದ ಕೂಡಲೇ ತಲೆಯ ಮೇಲಿನ ಫ್ಯಾನು ಆರಿಸುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಅವರೇ ಮೇಜಿನ ಮುಂದೆ ನಿಂತು, “ಎಲ್ರ ಹೆಸ್ರೂ ಬರೀತೀರಿ, ನಿಮ್ದೆಲ್ಲಮ್ಮ?” ಎಂದು ಕೇಳಿದ್ದರು. “ನನಗ್ಯಾಕೆ ಸಾರ್?” ಎಂದೆ. “ನೀವೂ ಬಂದಿದೀರಲ್ವಾ?” ಎಂದು, ನಾನು ‘ಗಿರಿಜಾ’ ಎಂದು ಬರೆದು ಚುಚ್ಚಿಕೊಳ್ಳುವವರೆಗೂ ನಿಂತೇ ಇದ್ದರು. ಬೀದಿಯಲ್ಲಿ ಆಂಟಿ, ಅಂಗಡಿಯಲ್ಲಿ ಮೇಡಂ ಆಗಿರುವ ನನಗೆ ನನ್ನದೇ ಹೆಸರು ಇರುವ ಜಾಗ ಅದೊಂದೇ.

ಅವರು ಹೋದ ವರ್ಷ ಶಿವನ ಪಾದ ಸೇರಿದರು. ಬ್ಯಾಡ್ಜು ಉಳಿಯಿತು. ಶ್ರೀಕಂಠ ಎಂದರೆ ಸಾಕ್ಷಾತ್ ಶಿವನ ಹೆಸರು, ಕಸಕ್ಕೆ ಹೇಗೆ ಹಾಕಲಿ? ಉಳಿದವುಗಳ ಜೊತೆಯಲ್ಲೇ ಕಟ್ಟಿಟ್ಟೆ.

ಇತ್ತ ಶಾಖೆಗೆ ಜನ ಕಡಿಮೆಯಾಗುತ್ತ ಬಂದರು. ಸತತ ಮೂರು ಸಭೆಗಳಲ್ಲಿ ಹಾಜರಿ ಇಪ್ಪತ್ತಕ್ಕಿಂತ ಕಡಿಮೆಯಾದರೆ ಶಾಖೆಯನ್ನು ಮುಚ್ಚಿ ಊರಿನ ಆಚೆ ತುದಿಯ ದೊಡ್ಡ ಶಾಖೆಗೆ ಸೇರಿಸುವುದು ಸಂಘದ ನಿಯಮ. ಎರಡು ಸಭೆ ಹಾಗೇ ಕಳೆದಿದ್ದವು. ಅರೆಕೆರೆಯಿಂದ, ಉತ್ತರಹಳ್ಳಿಯಿಂದ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಇವರೆಲ್ಲ ಅಲ್ಲಿಗೆ ಹೋಗುವವರಲ್ಲ. ನನ್ನ ಮೇಜೂ ಹೋಗುತ್ತಿತ್ತು. ಮೂರನೆಯ ಸಭೆಯ ದಿನ ಬೆಳಿಗ್ಗೆ ಪೂಜೆಯಲ್ಲಿ, “ಇವತ್ತು ಇಪ್ಪತ್ತು ತಲೆ ಕಳಿಸಪ್ಪಾ” ಎಂದು ನೇರವಾಗಿಯೇ ಕೇಳಿಕೊಂಡೆ.

ಸಂಜೆ ಗಡಿಬಿಡಿಯಲ್ಲಿ ಶ್ರೀಕಂಠಯ್ಯನವರ ಬ್ಯಾಡ್ಜನ್ನೂ ಮೇಜಿನ ಮೇಲೆ ಹರಡಿಬಿಟ್ಟಿದ್ದೆ. ನೆನಪಾಗಿ ತೆಗೆಯಲು ಹೋದರೆ ಅದರ ಜಾಗ ಖಾಲಿ. ಯಾರೋ ನೋಡಿ ಎತ್ತಿಟ್ಟಿರಬೇಕು ಎಂದುಕೊಂಡೆ. ಹಿಂದೆ ನಿಂತು ತಲೆ ಎಣಿಸಿದೆ. ಹತ್ತೊಂಬತ್ತು. ಮತ್ತೆ ಎಣಿಸಿದೆ, ಹತ್ತೊಂಬತ್ತೇ. ಕೊನೆಯ ಸಾಲಿನಲ್ಲಿ ಯಾರೂ ಇರಲಿಲ್ಲ. ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು, ಕಿಟಕಿಯ ಪಕ್ಕದ್ದೊಂದು ನಿಂತಿತ್ತು.

ಸಭೆ ಮುಗಿದ ಮೇಲೆ ಡಬ್ಬಿ ಬಗ್ಗಿಸಿ ಎಣಿಸಿದರೆ ಇಪ್ಪತ್ತು! ಕಾರ್ಯದರ್ಶಿ ಮೂರ್ತಿಯವರು “ಸದ್ಯ, ಬದುಕಿದ್ವಿ!” ಎಂದು ಕೈಮುಗಿದರು. ಅಷ್ಟರಲ್ಲಿ ನನ್ನ ಬೆರಳಿಗೆ ಚುಚ್ಚದ ಒಂದು ಬ್ಯಾಡ್ಜು ಸಿಕ್ಕಿತು. ಪಿನ್ನು ಮುಚ್ಚಿತ್ತು. ತಿರುಗಿಸಿದೆ, ಶ್ರೀಕಂಠಯ್ಯ.

“ಯಾರೋ ಕನ್ನಡಕ ಇಲ್ದೆ ಅದನ್ನೇ ಹಾಕ್ಕೊಂಡಿರ್ತಾರೆ ಕಣೇ” ಎಂದರು ಯಜಮಾನರು.

“ಹಾಗಾದ್ರೆ ಅವರದು ಮೇಜಿನ ಮೇಲೇ ಉಳೀಬೇಕಿತ್ತು. ಆಗ್ಲೂ ಡಬ್ಬೀಲಿ ಹತ್ತೊಂಬತ್ತೇ ತಾನೆ?”

ಇಬ್ಬರು ಇಂಜಿನಿಯರುಗಳೂ ಡಬ್ಬಿಯನ್ನೇ ನೋಡಿದರು.

“ಬಿಡಿ ಮೇಡಂ, ಇಪ್ಪತ್ತು ಅಂತ ಬರೆದ್ಬಿಡಿ. ಯಾರು ಬಂದು ಎಣಿಸ್ತಾರೆ?” ಎಂದರು ಮೂರ್ತಿ, ದನಿ ತಗ್ಗಿಸಿ.

“ಹೋದವರ ಹೆಸರಲ್ಲಿ ಸುಳ್ಳು ಬರೆಯಲ್ಲ ಸಾರ್.” ರಿಜಿಸ್ಟರಿನಲ್ಲಿ ಹತ್ತೊಂಬತ್ತು ಎಂದು ಬರೆದೆ. ಶಾಖೆ ಮುಗಿಯಿತು ಎಂದು ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳಲು ಹೋದೆ, ಯಜಮಾನರು ನನ್ನ ಹೆಗಲ ಕಡೆ ಬೆರಳು ಮಾಡಿದರು.

“ಅಲ್ಲೇನೇ ಅದು?”

ನನ್ನ ಬ್ಯಾಡ್ಜು! ಅದನ್ನು ಚುಚ್ಚಿಕೊಂಡೇ ಮನೆಗೆ ಹೋಗಿ, ಮರುದಿನ ಸೀರೆ ಮಡಿಸುವಾಗ ತೆಗೆಯುವುದು ನನ್ನ ರೂಢಿ. ಮನೆಯಲ್ಲಿ ಹಬ್ಬಕ್ಕೆ ಎಲೆ ಎಣಿಸುವಾಗ ಬಡಿಸುವವಳು ತನ್ನನ್ನು ಎಣಿಸಿಕೊಳ್ಳುತ್ತಾಳೆಯೇ? ಅದೇ ಅಭ್ಯಾಸ ಇಲ್ಲಿಗೂ ಬಂದಿತ್ತು. ಮೂರ್ತಿಯವರು ಹಾಜರಿಯ ನಮೂನೆ ತೆಗೆದು ಕನ್ನಡಕ ಏರಿಸಿ ಓದಿದರು: ಸದಸ್ಯರು ಮತ್ತು ಸ್ವಯಂಸೇವಕರು. “ಆರು ವರ್ಷ ನಿಮ್ಮನ್ನೇ ಬಿಟ್ಟು ಬರ್ದಿದೀರಲ್ರೀ!” ಎಂದು ತಲೆ ಚಚ್ಚಿಕೊಂಡರು.

ಹತ್ತೊಂಬತ್ತನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದೆ. ಸುಳ್ಳಲ್ಲ. ನನ್ನ ಬ್ಯಾಡ್ಜನ್ನೂ ಬಿಚ್ಚಿ ಡಬ್ಬಿಗೆ ಹಾಕಿದೆ. ಈಗ ಅಲ್ಲಿ ಇಪ್ಪತ್ತೊಂದು. ಆ ಹೆಚ್ಚಿನ ಒಂದರ ಮೇಲೆ ಮೂರ್ತಿಯವರು ಡಬ್ಬಿಯ ಮುಚ್ಚಳ ಒತ್ತಿದರು. ಯಜಮಾನರು ಎಲ್ಲ ಸ್ವಿಚ್ಚುಗಳನ್ನೂ ಆರಿಸಿದರು. ಬೀಗ ಹಾಕುವ ಮುನ್ನ ಹಿಂತಿರುಗಿ ನೋಡಿದರೆ, ಕಿಟಕಿಯ ಪಕ್ಕದ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. “ಗಾಳಿಗೆ” ಎಂದರು ಯಜಮಾನರು, ಸ್ವಲ್ಪ ಬೇಗ ಬೇಗ ಮೆಟ್ಟಿಲಿಳಿಯುತ್ತ. ಕಿಟಕಿ ಮುಚ್ಚಿದ್ದು ನಾನೇ.

ಈಗ ಪ್ರತಿ ತಿಂಗಳೂ ಆ ಬ್ಯಾಡ್ಜನ್ನು ಬೇಕೆಂದೇ ಇಡುತ್ತೇನೆ. ಅಂದಿನಿಂದ ಅದು ಮೇಜು ಬಿಟ್ಟು ಕದಲಿಲ್ಲ. “ನಿಮ್ದೆಲ್ಲಮ್ಮ?” ಎಂದು ಅವರು ಇನ್ನೊಮ್ಮೆ ಕೇಳಬೇಕಿತ್ತು, ಕೇಳಿ ಆಗಿದೆಯಲ್ಲ. ನಾನೂ ಈಗ ಹಾಜರಿಯನ್ನು ನನ್ನಿಂದಲೇ ಶುರುಮಾಡುತ್ತೇನೆ, ಹೋಗುವಾಗ ನನ್ನ ಪಿನ್ನು ಮುಚ್ಚಿಯೇ ಡಬ್ಬಿಗೆ ಹಾಕುತ್ತೇನೆ. ಅಷ್ಟೂ ಪಿನ್ನುಗಳಲ್ಲಿ ಚುಚ್ಚದಿರುವುದು ಒಂದಾದರೂ ಇರಲಿ.