ಸುನಂದತ್ತೆಯ ವಿಮಾನ

ಅಮೀರ್‌ಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರುಗಳಿಗಿಂತ ಕಂಪ್ಯೂಟರ್ ಕೋರ್ಸಿನ ಪೋಸ್ಟರುಗಳೇ ಹೆಚ್ಚಾಗಿದ್ದ ಕಾಲ ಅದು. ನನಗಾಗ ಒಂಬತ್ತು ವರ್ಷ. ಕಲಬುರಗಿ ಬಿಟ್ಟು ನೆರೆರಾಜ್ಯದ ರಾಜಧಾನಿಗೆ ಬಂದ ನಾವು ಅಲ್ಲಿನ ನಾಂಪಲ್ಲಿಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ, ಅವ್ವ, ಅಜ್ಜಿ, ನಾನು, ಜೊತೆಗೆ ಅಪ್ಪನ ತಂಗಿ ಸುನಂದತ್ತೆ. ಅತ್ತೆ ದಿನಾ ಬಸ್ಸು ಹಿಡಿದು ಅಮೀರ್‌ಪೇಟೆಗೆ ಹೋಗಿ ಜಾವಾ ಕಲಿಯುತ್ತಿದ್ದಳು. ಅಜ್ಜಿ ಮಾತ್ರ ಅಕ್ಕಪಕ್ಕದವರಿಗೆ, “ನಮ್ಮ ಸುನಂದಾ ಟೈಪಿಂಗ್ ಕಲ್ಯಾಕತ್ತಾಳ” ಎನ್ನುತ್ತಿದ್ದಳು.

ನನ್ನ ಹುಟ್ಟುಹಬ್ಬಕ್ಕೆ ಅಪ್ಪ ಕೋಠಿಯ ಹಳೇ ಪುಸ್ತಕದ ಅಂಗಡಿಯಿಂದ ಒಂದು ಡಬ್ಬಿ ತಂದ. ಮೇಲೆ ಎರಡು ಅಂತಸ್ತಿನ ರೆಕ್ಕೆಯ ಯುದ್ಧವಿಮಾನದ ಚಿತ್ರ. ತೆರೆದರೆ ಒಳಗೆ ವಿಮಾನವೇ ಇಲ್ಲ! ಪ್ಲಾಸ್ಟಿಕ್ ಕಡ್ಡಿಗಳಿಗೆ ಹತ್ತಿಕೊಂಡ ಬೂದುಬಣ್ಣದ ಚೂರುಗಳಷ್ಟೇ, ಕೆಲವಂತೂ ಜೀರಿಗೆಯಷ್ಟು ಸಣ್ಣವು. ಜೋಡಿಸುವ ವಿಧಾನ ಪೂರ್ತಿ ಜಪಾನಿ ಭಾಷೆಯಲ್ಲಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ನೋಡಿದ. ಕೊನೆಗೆ ಅವನು ಅಂಟಿಸಿದ್ದು ತನ್ನ ಹೆಬ್ಬೆರಳನ್ನು ತೋರುಬೆರಳಿಗೆ. ಅದನ್ನು ಬಿಡಿಸುವಷ್ಟರಲ್ಲಿ ಅವನ ಆಸೆ ತೀರಿತ್ತು.

ಡಬ್ಬಿ ಅತ್ತೆಯ ಕೈಗೆ ಬಂತು. ಸಂಜೆ ಕ್ಲಾಸಿನಿಂದ ಬಂದವಳೇ ಅವಳು ಅವ್ವನ ಚಿಮಟ ಹಿಡಿದು ಕೂರುತ್ತಿದ್ದಳು. ಅಡುಗೆಮನೆಯಿಂದ ಜೋಳದ ರೊಟ್ಟಿಯ ವಾಸನೆ, ಪಡಸಾಲೆಯಿಂದ ಅಂಟಿನ ಘಾಟು. ಎರಡೂ ಬಾಗಿಲಲ್ಲಿ ಸೇರಿ ಅಜ್ಜಿಗೆ ಸೀನು ತರಿಸುತ್ತಿದ್ದವು. ಪೈಲಟ್‌ನ ತಲೆ ಒಮ್ಮೆ ಕಳೆದುಹೋಗಿ, ಅವ್ವ ಆರಿಸುತ್ತಿದ್ದ ತೊಗರಿಬೇಳೆಯಲ್ಲಿ ಸಿಕ್ಕಿತು. ಅತ್ತೆ ಒಂದೊಂದು ಚೂರು ಕೂರಿಸುವಾಗಲೂ ನಾನು ಉಸಿರು ಬಿಗಿಹಿಡಿಯಬೇಕಿತ್ತು. ಅದೇ ನನ್ನ ಕೆಲಸ.

ಆ ನಡುವೆ ಒಂದು ಭಾನುವಾರ ಅತ್ತೆಯನ್ನು ನೋಡಲು ಪ್ರಕಾಶ ಎಂಬ ಹುಡುಗ ತಾಯಿಯ ಜೊತೆ ಬರುವನೆಂದು ಗೊತ್ತಾಯಿತು. ಸಾಫ್ಟ್‌ವೇರ್ ಕಂಪನಿಯ ಕೆಲಸ. “ಕಂಪ್ಯೂಟರ್ ಮುಂದ ಕುಂತು ಕುಂತು ಸೊಕ್ಕು ಬಂದಿರ್ತೈತಿ. ನನಗ ಬ್ಯಾಡ” ಎಂದು ಅತ್ತೆ ಮೊದಲೇ ಹೇಳಿಬಿಟ್ಟಳು. ಆ ದಿನವೂ ಬೆಳಿಗ್ಗೆ ಮೇಲಿನ ರೆಕ್ಕೆಗೆ ನೀಲಿ ಬಣ್ಣ ಬಳಿದು ಟೀಪಾಯಿಯ ಮೇಲೆ ಒಣಗಲು ಇಟ್ಟಿದ್ದಳು. ಉಪ್ಪಿಟ್ಟು, ಶಿರಾದ ತಾಟು ಇಡಲು ಜಾಗ ಬೇಕೆಂದು ಅಜ್ಜಿ ಅದನ್ನೆತ್ತಿ ಕುರ್ಚಿಯ ಮೇಲಿಟ್ಟಳು. ಕುರ್ಚಿಯ ದಿಂಬೂ ನೀಲಿ.

ಬಂದವನೇ ಪ್ರಕಾಶ ನೇರವಾಗಿ ಅದೇ ಕುರ್ಚಿಯಲ್ಲಿ ಕೂತ.

ಅವನ ತಾಯಿ ಅತ್ತೆಯಿಂದ ಸೂಜಿಗೆ ದಾರ ಹಾಕಿಸಿದಳು, ಬಾಗಿಲಿನ ತನಕ ನಡೆಸಿ ನೋಡಿದಳು. ಅತ್ತೆಯ ಮೂಗಿನ ತುದಿ ಕೆಂಪಾಯಿತು. ಪ್ರಕಾಶ ಮಾತ್ರ ಕೂತಲ್ಲಿಂದ ಕದಲಲಿಲ್ಲ.

“ಏಳ್ರಿ, ಕೈ ತೊಳ್ಕೋರಿ” ಎಂದ ಅಪ್ಪ.

“ಬ್ಯಾಡ್ರಿ, ಚಮಚ ಐತಲ್ಲ.”

“ಮಾಳಿಗಿ ಮ್ಯಾಲ ಹೋಗಿ ಇಬ್ಬರೂ ಮಾತಾಡ್ರಿ. ಬೇಗಂಪೇಟಿಗೆ ಇಳಿಯೋ ವಿಮಾನ ಚಂದ ಕಾಣ್ತಾವ.”

“ಇಲ್ಲೇ ಆರಾಮ ಐತ್ರಿ.”

ಅಜ್ಜಿ ಅಡುಗೆಮನೆಗೆ ಬಂದು ಅವ್ವನ ಕಿವಿಯಲ್ಲಿ, “ಹುಡುಗಗ ಕಾಲಿನ ಐಬು ಏನರ ಐತೇನ? ನೋಡೇ ಬಿಡ್ತೀನಿ” ಎಂದಳು. ಅವ್ವ ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ.

“ತಮ್ಮಾ, ಒಂದ ನಾಕ ಹೆಜ್ಜಿ ನಡದು ತೋರಸಪಾ.”

ಹುಡುಗನ ತಾಯಿ ಕುದಿದಳು. “ಗಂಡಸು ಹುಡುಗನ್ನ ನಡಿಸಿ ನೋಡ್ತೀರೇನ್ರಿ?”

“ನಮ್ಮ ಹುಡುಗಿ ನಡದ್ಲಲ್ಲವಾ. ಅಕಿ ಕಾಲೇನ ಸವದು ಹೋದ್ವೇನು?”

ಪ್ರಕಾಶ ಎದ್ದ. ನಾಲ್ಕು ಹೆಜ್ಜೆ ಸರಿಯಾಗಿಯೇ ನಡೆದ. ತಿರುಗಿದಾಗ ಕಂಡಿತು, ಅವನ ಬಿಳಿ ಪ್ಯಾಂಟಿನ ಹಿಂದೆ ಅಡ್ಡಕ್ಕೆ ನೀಲಿ ರೆಕ್ಕೆ. ಅಪ್ಪನ ಬಾಯಿಯ ಶಿರಾ ಅಲ್ಲೇ ನಿಂತಿತು.

“ಕುಂತಾಗ ಟಪ್ ಅಂತ ಸಪ್ಪಳಾತ್ರಿ” ಎಂದ ಅವನು, ಬೆವರುತ್ತ. “ಮನಿ ಹೊಕ್ಕ ಕೂಡ್ಲೇ ಏನೋ ಮುರದೀನಿ ಅಂತ ಹ್ಯಾಂಗ ಹೇಳಲಿ?”

“ಅಲ್ಲಾಡಬ್ಯಾಡ್ರಿ!” ಎಂದು ಚೀರಿದಳು ಅತ್ತೆ. ಚಿಮಟ ತಂದು ಅವನ ಹಿಂದೆ ಮೊಣಕಾಲೂರಿದಳು.

“ಅಯ್ಯ, ಹೊಸಾ ಪ್ಯಾಂಟು!” ಎಂದಳು ಅವನ ತಾಯಿ.

“ರೆಕ್ಕಿನೂ ಹೊಸಾದ್ರೀ” ಎಂದಳು ಅತ್ತೆ.

ಮೊದಲು ನಕ್ಕದ್ದು ಪ್ರಕಾಶ. ನಗುವಾಗ ಮೈ ಕುಲುಕಿ ರೆಕ್ಕೆಗೆ ಇನ್ನೊಂದು ಬಿರುಕು ಬಿತ್ತು. ಅತ್ತೆ ಬೈದಳು. ಬೈಯುತ್ತಲೇ ಅವಳಿಗೂ ನಗು ಬಂತು.

ಮುಂದಿನ ಭಾನುವಾರ ಅವನು ಕಪ್ಪು ಪ್ಯಾಂಟು ಹಾಕಿಕೊಂಡು, ಒಳ್ಳೆಯ ಅಂಟು ಹುಡುಕಿ ತಂದ. ಅದರ ಮುಂದಿನ ಭಾನುವಾರವೂ ಬಂದ. ಜಪಾನಿ ಚಿತ್ರ ನೋಡಿ ಅವನು ಬಾಲ ಹೀಗೆ ಎಂದರೆ ಅತ್ತೆ ಹಾಗಲ್ಲ ಎನ್ನುವಳು. ಅಂಟು ಒಣಗುವ ತನಕ ಮನೆಮಂದಿಯೆಲ್ಲ ಸುತ್ತ ಕೂತು ಚೂಡಾ ತಿನ್ನುತ್ತ ಕಾಯುತ್ತಿದ್ದೆವು. ಅವರ ಮದುವೆಯಾದ ಮೇಲೆಯೇ ವಿಮಾನ ಪೂರ್ತಿಯಾದದ್ದು. ರೆಕ್ಕೆ ತುಸು ಸೊಟ್ಟಗೇ ಉಳಿಯಿತು.

ಮನೆ ಬದಲಿಸುವಾಗ ಆ ವಿಮಾನ ಎಲ್ಲೋ ಹೋಯಿತು. ಅಜ್ಜಿಯೂ ಹೋದಳು. ಹೋದ ವರ್ಷ ಅಂಥದ್ದೇ ಒಂದು ಡಬ್ಬಿ ತರಿಸಿ ಅತ್ತೆ-ಮಾಮಾರ ಮುಂದಿಟ್ಟೆ. ಇಬ್ಬರೂ ಚೂರುಗಳನ್ನು ದೀಪಕ್ಕೆ ಹಿಡಿದು, ದೂರ ಮಾಡಿ, ಹತ್ತಿರ ತಂದು ನೋಡಿದರು. “ಕಣ್ಣ ಹಿಡಿವಲ್ದವಾ, ನೀನ ಮಾಡು” ಎಂದು ಅತ್ತೆ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಅದೀಗ ಹಾಗೆಯೇ ನನ್ನ ಮನೆಯ ಕಪಾಟಿನ ಮೇಲಿದೆ. ನನ್ನ ಕಣ್ಣೇನೋ ಚೆನ್ನಾಗಿಯೇ ಇದೆ. ಅಂಟು ಒಣಗುವ ತನಕ ನನ್ನ ಜೊತೆ ಕಾಯುತ್ತ ಕೂರಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.