ಬೀಗರ ಮುಂದೆ ಗುಂಯ್‌ಗುಟ್ಟಿದ ಕತೆ

ನನ್ನ ದನಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಹಾಡಲು ಬಾಯಿ ತೆರೆದರೆ ಓಣಿಯ ನಾಯಿಗಳು ಎದ್ದು ಕೂರುತ್ತಿದ್ದವು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ವಿನಯ ನನಗೆ ಅಷ್ಟಾಗಿ ಇಲ್ಲ ಕೂಡ. ಆದರೆ ಎಂಬತ್ತರ ದಶಕದ ರಾಯಚೂರಿನಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿಗೆ ಹಾಡು ಬಾರದಿದ್ದರೆ ಅದೊಂದು ದೊಡ್ಡ ಊನ. ಹೆಣ್ಣು ನೋಡಲು ಬಂದವರು ಮಂಡಾಳು ಒಗ್ಗರಣೆ ತಿಂದು, ಮಿರ್ಚಿ ಕಡಿದು, ಚಹಾ ಕುಡಿದು, ಬಾಯಿ ಒರೆಸಿಕೊಂಡು "ಒಂದು ಹಾಡು ಹೇಳವ್ವ" ಎನ್ನುತ್ತಿದ್ದರು. ಅವರ ಮಗನಿಗೆ ಏನು ಬರುತ್ತದೆ ಎಂದು ಕೇಳುವ ಪದ್ಧತಿ ಮಾತ್ರ ಇರಲಿಲ್ಲ. ಎರಡು ಸಂಬಂಧಗಳು ನನ್ನ ಹಾಡು ಕೇಳಿಯೇ ಎದ್ದು ಹೋಗಿದ್ದವು.

ಮೂರನೆಯದೂ ಹೋದರೆ ಸೋದರತ್ತೆಯ ಮಗನೇ ಗಟ್ಟಿ ಎಂದು ಅಪ್ಪ ಮಾತು ಕೊಟ್ಟಾಗಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ, ಇರುವುದು ಮಾನ್ವಿಯಲ್ಲಿ. ನನ್ನ ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವಳದೇ ಯಜಮಾನಿಕೆ. ಅವಳ ಮಗ ಕೆಟ್ಟವನೇನಲ್ಲ. ತಾನು ಸೀನಿದ್ದಕ್ಕೆ ತಾನೇ ನಗುತ್ತಿದ್ದ, ಅಷ್ಟೇ. ನನ್ನನ್ನು ಕಂಡಾಗಲೆಲ್ಲ "ಏನ್ ಬೇ, ದಪ್ಪ ಆಗೀದಿ" ಎನ್ನುವುದನ್ನು ಬಿಟ್ಟರೆ ಹುಟ್ಟಿದಾಗಿನಿಂದ ಬೇರೆ ಮಾತು ಆಡಿದವನಲ್ಲ. ಜೀವನವಿಡೀ ಆ ಒಂದು ಮಾತು, ಆ ಒಂದು ಸೀನು. ನೆನೆದರೆ ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಅಳು ಬಂದಾಗ ನಾನು ಕೇಳುತ್ತಿದ್ದದ್ದು ಒಂದೇ ಕ್ಯಾಸೆಟ್ಟು.

ಅದು ನಮ್ಮ ಮನೆ ಸೇರಿದ ಬಗೆಯೇ ವಿಚಿತ್ರ. ತೀನ್ ಕಂದೀಲ್ ಚೌಕದ ಹತ್ತಿರ ಒಬ್ಬ ಸಾಹೇಬರ ಕ್ಯಾಸೆಟ್ ಅಂಗಡಿಯಿತ್ತು. ಖಾಲಿ ಕ್ಯಾಸೆಟ್ ಒಯ್ದು ಕೊಟ್ಟು, ಬೇಕಾದ ಹಾಡು ಹೇಳಿದರೆ ತುಂಬಿಸಿ ಕೊಡುತ್ತಿದ್ದರು. ಹಾಡು ಮುಗಿದ ಮೇಲೂ ಕೊನೆಯಲ್ಲಿ ಒಂದಿಷ್ಟು ಟೇಪು ಉಳಿಯುತ್ತದಲ್ಲ, ಅದನ್ನು ಹಾಗೇ ಬಿಟ್ಟರೆ ಗಿರಾಕಿಗಳು "ಕ್ಯಾಸೆಟ್ಟು ಕೆಟ್ಟದ" ಎಂದು ಜಗಳಕ್ಕೆ ಬರುತ್ತಿದ್ದರು. ದುಬೈಯಲ್ಲಿದ್ದ ಅವರ ತಮ್ಮ ಯಾವುದೋ ಪರದೇಶದ ಕ್ಯಾಸೆಟ್ಟು ಕಳಿಸಿದ್ದ. ಒಬ್ಬರೂ ಅದನ್ನು ಕೊಳ್ಳಲಿಲ್ಲ. ಸಾಹೇಬರು ಆ ಸಂಗೀತವನ್ನು ಎಲ್ಲರ ಕ್ಯಾಸೆಟ್ಟಿನ ಬಾಲಕ್ಕೂ ಅಂಟಿಸತೊಡಗಿದರು. ಹೀಗಾಗಿ ಅಪ್ಪನ ಭಜನೆ ಕ್ಯಾಸೆಟ್ಟಿನಲ್ಲಿ ಮಂಗಳ ಹಾಡಿ ಮುಗಿದ ಕೂಡಲೇ ಗುಂಯ್ ಎಂದು ಶುರುವಾಗುತ್ತಿತ್ತು.

ಮಾತಿಲ್ಲ, ತಬಲಾ ಇಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲಿನ ಸದ್ದು ದೂರದಿಂದ ಕೇಳಿಸಿದ ಹಾಗೆ ಒಂದು ಗುಂಯ್‌ಕಾರ. ಅದರೊಳಗಿಂದ ಗಾಳಿ ಏಳುತ್ತಿತ್ತು, ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಒಂದು ಸ್ವರ ನಿಧಾನವಾಗಿ ಮೇಲೇಳುತ್ತಿತ್ತು, ಅಷ್ಟರಲ್ಲಿ ಟಕ್ ಎಂದು ಟೇಪು ಮುಗಿದುಹೋಗುತ್ತಿತ್ತು. ಆ ಸ್ವರ ಮೇಲೆ ಹೋಗಿ ಏನಾಯಿತು? ನನಗೆ ನಿದ್ದೆ ಹತ್ತದಾಯಿತು. ಪೂರ್ತಿ ತುಂಬಿಸಿಕೊಂಡು ಬಾ ಎಂದು ಅಪ್ಪನ ಬೆನ್ನು ಹತ್ತಿದೆ. ಅಪ್ಪ ಅಂಗಡಿಗೆ ಹೋಗಿ, ನಾಚಿಕೊಂಡು, "ಕಡೀಕ ಗುಂಯ್ ಅಂತದಲ್ರಿ, ಅದನ್ನ ಪೂರಾ ಹಾಕಿ ಕೊಡ್ರಿ" ಎಂದನಂತೆ. ಸಾಹೇಬರು ಬಹಳ ಹೊತ್ತು ಅಪ್ಪನ ಮುಖ ನೋಡಿ, "ತಬಿಯತ್ ಸರಿ ಅದ ಇಲ್ರಿ?" ಎಂದು ಕೇಳಿದರಂತೆ.

ಪೂರ್ತಿ ಕೇಳಿದ ಮೇಲೆ ನಾನು ಕೆಟ್ಟೆ. ಆ ಸ್ವರ ಮೇಲೆ ಹೋಗಿ ಒಂದು ಹಿಂಡು ಸ್ವರಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ, ಅಕ್ಕಿ ಆರಿಸುವಾಗ ಕಣ್ಣು ಮುಚ್ಚಿ ತೂಗುತ್ತಾ ಅದರ ಜೊತೆ ಗುಂಯ್‌ಗುಡುತ್ತಿದ್ದೆ. "ಬಂದ್ ಮಾಡಬೇ, ತಲಿ ತಿರಗಾಕತ್ತದ" ಎಂದು ಅಪ್ಪ ಬಯ್ಯುತ್ತಿದ್ದ. ಅದರಲ್ಲಿ ನುಡಿಸಿದ ವಾದ್ಯಕ್ಕೆ ಸಿಂಥಸೈಜರ್ ಎನ್ನುತ್ತಾರೆ, ಆ ಬಗೆಯ ಸಂಗೀತದಲ್ಲಿ ಅದು ಭಾರೀ ಹೆಸರಾದ ಆಲ್ಬಮ್ ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ಆಗ ಅದು ನಮ್ಮ ಮನೆಯಲ್ಲಿ ಬರೀ ಗುಂಯ್.

ಮೂರನೆಯ ಸಂಬಂಧ ದೇವದುರ್ಗದಿಂದ ಬಂತು. ಹುಡುಗ ಪ್ರೈಮರಿ ಶಾಲೆಯ ಮಾಸ್ತರ. ಅವನ ತಾಯಿ ಮತ್ತು ಇಬ್ಬರು ಹಿರಿಯರು ಜೊತೆಗೆ ಬಂದಿದ್ದರು. ಅತ್ತೆ ಮಾನ್ವಿಯಿಂದ ಮೊದಲ ಬಸ್ಸಿಗೇ ಬಂದು ತಾನೇ ಮಿರ್ಚಿ ಕರಿದಳು, ಬೇಕೆಂದೇ ಖಾರದ ಮೆಣಸಿನಕಾಯಿ ಆರಿಸಿದ್ದಳು ಎಂದು ನನ್ನ ಗುಮಾನಿ. ಮಾಸ್ತರ ಒಂದು ಕಡಿದವನೇ ಕಣ್ಣು ಮೂಗಲ್ಲೆಲ್ಲ ನೀರು ಸುರಿಸುತ್ತಾ ನನ್ನ ಕಡೆ ತಿರುಗಿ, "ಸ್ವಲ್ಪ ನೀರು ಕೊಡ್ತೀರೇನ್ರಿ?" ಎಂದ.

ಕೊಡ್ತೀರೇನ್ರಿ! ನನ್ನನ್ನು ಅಲ್ಲಿಯವರೆಗೆ ಯಾವ ಗಂಡಸೂ ರೀ ಹಚ್ಚಿ ಮಾತಾಡಿಸಿರಲಿಲ್ಲ. ನೀರು ಕೊಡುತ್ತಲೇ ನಿಶ್ಚಯ ಮಾಡಿದೆ, ಮದುವೆಯಾದರೆ ಇವನನ್ನೇ ಆಗಬೇಕು.

ಅತ್ತೆಗೆ ನನ್ನ ಮುಖ ನೋಡಿಯೇ ಗೊತ್ತಾಯಿತೋ ಏನೋ. "ನಮ್ಮ ಹುಡುಗಿ ಭಾಳ ಛಲೋ ಹಾಡ್ತಾಳ್ರಿ, ಒಂದು ಹಾಡು ಹೇಳಸ್ರಿ" ಎಂದುಬಿಟ್ಟಳು.

ಒಂದು ದೇವರ ಪದವನ್ನು ವಾರಗಟ್ಟಲೆ ಬಾಯಿಪಾಠ ಮಾಡಿದ್ದೆ. ಕಣ್ಣು ಮುಚ್ಚಿ ಬಾಯಿ ತೆರೆದರೆ ಅದರ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಹೆದರಿಕೆಗೆ ಗಂಟಲಿನಿಂದ ಹೊರಟದ್ದು ಅದೇ, ಗುಂಯ್. ನಿಲ್ಲಿಸಿದರೆ ಹಾಡಬೇಕಾಗುತ್ತದೆ ಎಂದು ಮುಂದುವರಿಸಿದೆ. ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟೆ. ನಾಲಿಗೆಯಿಂದ ಟಳಕ್ ಎಂದು ನೀರು ತೊಟ್ಟಿಕ್ಕಿಸಿದೆ. ಎಂದಿನಂತೆ ಮೈ ತೂಗತೊಡಗಿತು, ತುರುಬು ಬಿಚ್ಚಿತು. ನಿಜ ಹೇಳಬೇಕೆಂದರೆ, ಜೀವನದಲ್ಲಿ ಮೊದಲ ಸಲ ನನ್ನ ದನಿ ನನಗೇ ಚಂದ ಅನ್ನಿಸಿತು.

"ಯವ್ವಾ!" ಅತ್ತೆ ಚೀರಿದಳು. "ಹುಡುಗಿ ಮೈಮ್ಯಾಗ ದ್ಯಾಮವ್ವ ಬಂದಾಳ!"

ಮೈಮೇಲೆ ದೇವರು ಬರುವ ಹುಡುಗಿಯನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ, ಎದ್ದು ಓಡುತ್ತಾರೆ ಎಂಬುದು ಅವಳ ಲೆಕ್ಕ. ಆದರೆ ಮಾಸ್ತರನ ತಾಯಿ ತಲೆ ಮೇಲೆ ಸೆರಗು ಹೊದ್ದು ಸೀದಾ ನನ್ನ ಕಾಲಿಗೆ ಬಿದ್ದರು. ಒಬ್ಬ ಹಿರಿಯರು ಓಡಿ ಅಂಗಳದ ಬೇವಿನ ಸೊಪ್ಪು ಮುರಿದು ತಂದರು. ಯಾರೋ ನನ್ನ ಹಣೆ ತುಂಬಾ ಅರಿಶಿನದ ಭಂಡಾರ ಬಳಿದರು.

"ತಾಯಿ, ನಮ್ಮ ಎಮ್ಮಿ ಗಬ್ಬ ನಿಂತದೋ ಇಲ್ಲೋ?" ಎಂದು ಮಾಸ್ತರನ ತಾಯಿ ಕೇಳಿದರು.

ಆ ಹೊತ್ತಿಗೆ ಸರಿಯಾಗಿ ನೀರು ತೊಟ್ಟಿಕ್ಕುವ ಜಾಗ ಬಂದಿತ್ತು. ಟಳಕ್ ಎಂದೆ.

"ನಿಂತದಂತ!"

"ನನ್ನ ಮೊಣಕಾಲು ನೋಯಾಕತ್ತದಲ್ಲವ್ವ?" ಎಂದರು ಹಿರಿಯರು. ನಾನು ಗಾಳಿ ಬಿಟ್ಟೆ. "ಗಾಳಿ ಹೊಕ್ಕದಂತ! ನಾ ಹೇಳಿದ್ದಿಲ್ಲೇನು?" ಎಂದು ಅವರು ಪಕ್ಕದವರಿಗೆ ಹೇಳಿದರು. ಅರೆಗಣ್ಣು ತೆರೆದು ನೋಡಿದರೆ ಅಪ್ಪನೂ ಕೈಮುಗಿದು ನಿಂತಿದ್ದ. ದಿನಾ ಇದೇ ಗುಂಯ್ ಕೇಳಿ ಬಯ್ಯುತ್ತಿದ್ದ ಅಪ್ಪ!

ಕೊನೆಗೆ ಯಾರೋ ಕೆಂಡಕ್ಕೆ ಹಾಕಿದ ಲೋಬಾನದ ಹೊಗೆ ಗಂಟಲಿಗೆ ಹೋಗಿ ಕೆಮ್ಮಿದೆ. ದೇವಿ ಶಾಂತಳಾದಳೆಂದು ಎಲ್ಲರೂ ಸುಧಾರಿಸಿಕೊಂಡರು. ಮಾಸ್ತರನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನಿಗೆ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಸಂಬಂಧ ಆಗಂಗಿಲ್ರಿ. ಕಾಲಿಗಿ ಬಿದ್ದ ಮ್ಯಾಲ ಆಕೀಗಿ ಮುಸುರಿ ತಿಕ್ಕು ಅಂತ ನಾ ಹ್ಯಾಂಗ ಹೇಳಲಿ?"

ಅತ್ತೆ ಖುಷಿಗೆ ಇನ್ನೊಂದು ಮಿರ್ಚಿ ಬಾಯಿಗೆ ಹಾಕಿಕೊಂಡಳು. ನನಗೆ ಅವಳ ಮಗನ ಸೀನಿನ ಸದ್ದು ಆಗಲೇ ಕಿವಿಯಲ್ಲಿ ಕೇಳಿದಂತಾಯಿತು.

"ನಾ ದೇವ್ರಲ್ರಿ!" ಎಂದು ಕೂಗಿದೆ. "ಅದು ಕ್ಯಾಸೆಟ್ಟಿನಾಗಿಂದು!"

"ಮೈಮ್ಯಾಗ ಬಂದದ್ದು ಆಕೀಗಿ ನೆನಪಿರಂಗಿಲ್ರಿ, ಪಾಪ" ಎಂದಳು ಅತ್ತೆ, ಬಾಯಿ ತುಂಬಾ ಮಿರ್ಚಿ ಇಟ್ಟುಕೊಂಡು. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ನಾನು ಎಷ್ಟು ಸಿಟ್ಟು ಮಾಡಿದೆನೋ ಅವರು ಅಷ್ಟು ಭಕ್ತಿಯಿಂದ ಹಿಂದೆ ಸರಿದರು. ಹಿರಿಯರು ಚಪ್ಪಲಿ ಹುಡುಕತೊಡಗಿದರು.

ಆಗ ಮೂಲೆಯಿಂದ ಸಣ್ಣಗೆ ಗುಂಯ್ ಎಂದು ಕೇಳಿಸಿತು.

ಮಾಸ್ತರ. ನೆಲ ನೋಡುತ್ತಾ, ಕಿವಿ ಕೆಂಪಗೆ ಮಾಡಿಕೊಂಡು, ಗುಂಯ್‌ಗುಡುತ್ತಿದ್ದ. ಗಾಳಿ ಬಿಟ್ಟ, ನನಗಿಂತ ಚಲೋ ಬಿಟ್ಟ. ನೀರು ತೊಟ್ಟಿಕ್ಕಿಸಿದ. ಸ್ವರ ಮೇಲೇಳತೊಡಗಿತು, ಎದ್ದಿತು, ಗಪ್ಪನೆ ನಿಂತಿತು.

"ಮುಂದ ಗೊತ್ತಿಲ್ರಿ" ಎಂದು ನನ್ನ ಕಡೆ ನೋಡಿದ. "ನಮ್ಮ ಭಜನಿ ಕ್ಯಾಸೆಟ್ಟಿನಾಗ ಇಲ್ಲಿಗೆ ಟೇಪು ಮುಗೀತದ."

ನಾನು ಮುಂದಿನದನ್ನು ಗುಂಯ್‌ಗುಟ್ಟಿ ತೋರಿಸಿದೆ. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಅತ್ತೆ ಗಾಬರಿಯಾಗಿ ಅವನ ಹಣೆಗೂ ಬಳಿಯಲು ಭಂಡಾರ ಹುಡುಕಿದಳು. ಅಷ್ಟರಲ್ಲಿ ಅಪ್ಪನಿಗೆ ತಡವಾಗಿ ಬುದ್ಧಿ ಹೊಳೆದು ಟೇಪ್ ರೆಕಾರ್ಡರ್ ತಂದು ನಡುಮನೆಯಲ್ಲಿಟ್ಟು ಕ್ಯಾಸೆಟ್ಟು ಹಾಕಿದ. ಮಾಸ್ತರನ ತಾಯಿ ಕಿವಿ ಹಚ್ಚಿ ಕೂತು ಕೇಳಿದರು.

"ಹೌದಲ್ಲ, ಇದು ಭಜನಿ ಮುಗದ ಮ್ಯಾಲ ಬರ್ತದಲ್ಲ? ನಾ ಇದು ಮಂಗಳಾರತಿ ಅಂತ ದಿನಾ ಎದ್ದು ನಿಂತು ಕೈ ಮುಗೀತಿದ್ದೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಣೆ ತುಂಬಾ ಭಂಡಾರ, ಕೆದರಿದ ಕೂದಲು, ತಲೆಯಲ್ಲಿ ಬೇವಿನ ಎಲೆ. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಇನ್ನೇನು ಹುಚ್ಚಿ ಎಂದು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು ಕೂದಲಿನ ಬೇವಿನ ಎಲೆ ಒಂದೊಂದಾಗಿ ತೆಗೆಯತೊಡಗಿದರು.

"ದೇವ್ರಾಗಿದ್ರ ಕೈ ಮುಗದು ಹೋಗತಿದ್ವಿ" ಎಂದರು. "ಹುಚ್ಚಿ ಆದ್ರ ನಡೀತದವ್ವ, ಕರಕೊಂಡು ಹೋಗ್ತೀವಿ. ನಮ್ಮ ಮನ್ಯಾಗ ಈತ ಒಬ್ಬನ ಗ್ವಾಡಿ ನೋಡ್ಕೊಂತ ಗುಂಯ್ ಅಂತ ಕುಂದರ್ತಾನ. ನೋಡಿದ್ರ ನನಗ ಕರುಳು ಚುರುಕ್ ಅಂತದ."